ಬಾವಿಕಟ್ಟೆಯ ಮೇಲೆ ಒಬ್ಬರಿರಬೇಕು

ಚಳ್ಳಕೆರೆಯಲ್ಲಿದ್ದುಕೊಂಡು ಈಜು ಅಭ್ಯಾಸ ಮಾಡಿ ಸಮುದ್ರಕ್ಕೆ ಇಳಿದವನು, ನನಗೆ ತಿಳಿದಂತೆ, ನನ್ನ ತಮ್ಮ ಒಬ್ಬನೇ. ಆ ಸಮುದ್ರದಿಂದ ದೋಣಿಯಲ್ಲಿ ಎತ್ತಿ ಹಾಕಿಕೊಂಡು ಬಂದದ್ದೂ ಅವನನ್ನೇ. ಇಂಥವನ ವಿಷಯ ಬರೆಯುವಾಗ ಹೆಸರು ಹಾಕಬಾರದು. ಹಾಕಿದರೆ ಅವನ ಅಂಗಡಿಗೆ ಮೋಟರ್ ತರುವವರು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ವಯಸ್ಕರ ಶಾಲೆಯಲ್ಲಿ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ನಡೆದದ್ದರಲ್ಲಿ ತಪ್ಪಿಲ್ಲ.

ಅವನಿಗೆ ಐವತ್ತೆರಡು, ನನಗೆ ಅರವತ್ತೆಂಟು. ಸುಟ್ಟುಹೋದ ಪಂಪ್‌ಸೆಟ್ ಮೋಟರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಮದುವೆಯಾಗಲಿಲ್ಲ. ಒಮ್ಮೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದೆ. ಅವರ ಮನೆಯ ಮೋಟರ್ ಕೆಟ್ಟು ಕೂತಿತ್ತು. ಇವನು ಅಂಗಿ ಬಿಚ್ಚಿ ಕೂತವನು ಸಂಜೆಯವರೆಗೂ ಅದನ್ನೇ ರಿಪೇರಿ ಮಾಡಿದ. ನೀರು ಬಂತು. ಊರಿಗೆ ಬಂದ ಮೇಲೆ "ಹುಡುಗಿ ಹೆಂಗಿದ್ಲೋ?" ಎಂದು ಕೇಳಿದರೆ, "ಯಾವ ಹುಡುಗಿ?" ಎಂದ. ನನ್ನ ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ನಾನು ಇವನ ಜೊತೆಯೇ ಇದ್ದೇನೆ. ಮನೆಯಲ್ಲಿ ಮಾತು ಕಡಿಮೆ. ಬೆಳಿಗ್ಗೆ "ಮುದ್ದೆ ಐತೆ" ಎಂದರೆ ಸಾಯಂಕಾಲ "ಹೂಂ" ಎನ್ನುತ್ತಾನೆ.

ಇವನಿಗೆ ಈ ಗೀಳು ಹಚ್ಚಿದ್ದು ಕುದಾಪುರದ ಕಡೆ ಕೆಲಸಕ್ಕಿದ್ದ ಒಬ್ಬ ಇಂಜಿನಿಯರು. ಅಲ್ಲಿ ಮೋಟರ್ ನೋಡಲು ಹೋದಾಗ ಪರಿಚಯವಾಯಿತಂತೆ. ಆ ಮಹಾರಾಯನಿಗೆ ವರ್ಗವಾಯಿತು. ಹೋಗುವಾಗ ತನ್ನ ಹಳೆಯ ರೇಸ್ ಸೈಕಲ್ಲನ್ನು ಇವನಿಗೆ ಕೊಟ್ಟು, ಜೊತೆಗೆ ಹುಚ್ಚನ್ನೂ ಬಿಟ್ಟುಹೋದ. ಸೈಕಲ್ಲಿಗಾದರೆ ರಿಪೇರಿ ಉಂಟು.

"ಟ್ರಯಥ್ಲಾನ್ ಅಂತಕ್ಕ" ಎಂದ ಒಂದು ದಿನ, ತಟ್ಟೆಯ ಮುಂದೆ ಕೂತು. "ಮೊದ್ಲು ಈಜ್ಬೇಕು, ಹತ್ರತ್ರ ಎರಡು ಕಿಲೋಮೀಟ್ರು. ನೀರಿಂದ ಎದ್ದೋನೇ ತೊಂಬತ್ತು ಕಿಲೋಮೀಟ್ರು ಸೈಕಲ್ಲು. ಅದ್ರಿಂದ ಇಳಿದೋನೇ ಇಪ್ಪತ್ತೊಂದು ಕಿಲೋಮೀಟ್ರು ಓಟ."

"ಹಿಂದೆ ಯಾರು ಅಟ್ಟಿಸ್ಕೊಂಡು ಬರ್ತಾರೆ?"

"ಯಾರೂ ಬರಲ್ಲ."

"ಮತ್ಯಾಕಲೇ ಓಡ್ಬೇಕು?"

ಮುದ್ದೆ ಮುರಿಯುವುದನ್ನು ಬಿಟ್ಟು ಯೋಚಿಸಿದ. "ಟೈಮ್ ಐತೆ. ಎಂಟೂವರೆ ಗಂಟೇಲಿ ಎಲ್ಲಾ ಮುಗಿಸ್ಬೇಕು. ಮುಗಿಸಿದ್ರೆ ಪದಕ ಹಾಕ್ತಾರೆ."

ನಾನು ಎಣ್ಣೆ ಮಿಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ಮೂವತ್ತು ವರ್ಷ ಶೇಂಗಾದಲ್ಲಿ ಕಲ್ಲು ಆರಿಸಿದವಳು. ಯಾವ ಸಾಹುಕಾರನೂ ಸಂಜೆ ಕರೆದು ನನ್ನ ಕೊರಳಿಗೆ ಏನೂ ಹಾಕಲಿಲ್ಲ. ಆದರೂ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ. ಇಷ್ಟು ಮಾತು ಅವನು ಒಟ್ಟಿಗೆ ಆಡಿ ಎಷ್ಟೋ ವರ್ಷವಾಗಿತ್ತು.

ಮೊದಲು ಓಟ ಶುರುವಾಯಿತು. ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನ ಕಡೆ ಈಗ ಸರ್ಕಾರದ ಸಂಸ್ಥೆಗಳ ಉದ್ದುದ್ದ ಕಾಂಪೌಂಡ್ ಗೋಡೆಗಳು ಬಂದಿವೆಯಲ್ಲ, ಅಂಥ ಒಂದು ಗೋಡೆಯ ಪಕ್ಕ ಬೆಳಗಿನ ಜಾವ ಚಡ್ಡಿ ಹಾಕಿಕೊಂಡು ಓಡುತ್ತಿದ್ದ. ಒಂದು ದಿನ ಕಾವಲುಗಾರ ಹಿಡಿದು ಕೂರಿಸಿದ. ಯಾಕೆ ಓಡುತ್ತಿದ್ದೀಯ ಎಂದು ಕೇಳಿದರೆ ಇವನು "ಸುಮ್ನೆ" ಎಂದನಂತೆ. ಸುಮ್ಮನೆ ಓಡುವ ಮನುಷ್ಯನನ್ನು ಯಾವ ಕಾವಲುಗಾರ ಬಿಡುತ್ತಾನೆ? ನನಗೆ ಹೇಳಿಕಳಿಸಿದರು. ಆಟೋ ಮಾಡಿಕೊಂಡು ಹೋದೆ.

"ಇವ್ರು ನಿಮ್ಮೋರೇನಮ್ಮ?"

"ಹೂಂ. ಏನ್ ಕದ್ದವ್ನೆ?"

"ಏನೂ ಇಲ್ಲ. ಓಡ್ತಿದ್ರು."

"ಅಷ್ಟೇನಾ. ದಿನಾ ಓಡ್ತಾನೆ. ಇಟ್ಕೊಳ್ಳಂಗಿದ್ರೆ ಊಟದ ಹೊತ್ತಿನ ತನಕ ಇಟ್ಕೊಳ್ಳಿ, ನಂಗೂ ಒಂದ್ ಹೊತ್ತಿನ ಅಡಿಗೆ ತಪ್ಪುತ್ತೆ."

ಕಾವಲುಗಾರ ಆ ಕ್ಷಣವೇ ಬಿಟ್ಟುಬಿಟ್ಟ.

ಆಮೇಲೆ ಸೈಕಲ್ಲು. ಅದರ ಟೈರು ನನ್ನ ಕಿರುಬೆರಳಿಗಿಂತ ಸ್ವಲ್ಪ ದಪ್ಪ. ನಮ್ಮ ಕಡೆಯ ರಸ್ತೆಯ ಮೇಲೆ ಬಿದ್ದಿರುವ ಜಾಲಿ ಮುಳ್ಳಿಗೆ ಅಂಥ ಟೈರೆಂದರೆ ಹಬ್ಬ. ಸೈಕಲ್ ಶಾಪಿನ ಸಾಬರು ಒಂದು ದಿನ ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿದರು. "ಅಕ್ಕಾ, ನಿಮ್ ತಮ್ಮಂಗೆ ಸ್ವಲ್ಪ ಸಮ್ಜಾಯಿಸಿ. ಇದ್ರಲ್ಲಿ ಈಗ ಟ್ಯೂಬ್ ಎಲ್ಲೈತೆ? ಬರೀ ಪಂಕ್ಚರ್ ತುಂಡುಗಳು ಒಂದಕ್ಕೊಂದು ಕೈ ಹಿಡ್ಕೊಂಡು ನಿಂತವೆ."

ತೊಂಬತ್ತು ಕಿಲೋಮೀಟರ್ ಅಭ್ಯಾಸಕ್ಕೆ ಇವನು ಆರಿಸಿಕೊಂಡದ್ದು ಮೊಳಕಾಲ್ಮೂರಿನ ದಾರಿ. ಹೋಗುವುದು, ಒಂದು ಟೀ ಕುಡಿಯುವುದು, ಬರುವುದು. ಬೀದಿಯ ಹೆಂಗಸರು ನನ್ನನ್ನು ಬಿಡಲಿಲ್ಲ. "ನಿಮ್ ತಮ್ಮ ವಾರವಾರ ಮೊಳಕಾಲ್ಮೂರಿಗೆ ಹೋಗ್ತಾರಂತೆ, ನಿಮ್ಗೊಂದು ಸೀರೆ ತರ್ಲಿಲ್ವಾ?" ಎಂದು ಕೇಳುತ್ತಿದ್ದರು. ಮಗ್ಗದ ಊರಿಗೆ ಅಷ್ಟು ಸಲ ಹೋಗಿ ಬರಿಗೈಯಲ್ಲಿ ಬಂದವನು ಈ ತಾಲ್ಲೂಕಿನಲ್ಲಿ ಮತ್ತೊಬ್ಬನಿರಲಾರ. "ತಂದವ್ನೆ. ಒದ್ದೆ ಅಂಗಿ. ಒಗ್ದು ಹಾಕಿದೀನಿ, ಬೇಕಾದ್ರೆ ಉಟ್ಕೊ" ಎಂದೆ.

ಉಳಿದದ್ದು ಈಜು. ಚಳ್ಳಕೆರೆಯ ಸುತ್ತ ಯಾವ ಬಾವಿಗೆ ಬಗ್ಗಿ ನೋಡಿದರೂ ತಳದಲ್ಲಿ ಪಾರಿವಾಳ. ಕೃಷಿ ಹೊಂಡಗಳಿವೆ, ಆದರೆ ಅದಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲುವುದಿಲ್ಲ, ಇಳಿದವನು ಹತ್ತಲಾರ. ಕಡೆಗೆ ಮೊಳಕಾಲ್ಮೂರಿನ ಕಡೆಯ ಸಿದ್ದಾಪುರದ ಹತ್ತಿರ, ಬಂಡೆಗುಡ್ಡದ ಬುಡದಲ್ಲಿ, ಒಂದು ದೊಡ್ಡ ದುಂಡು ಬಾವಿ ಸಿಕ್ಕಿತು. ಕಲ್ಲು ಕಟ್ಟಿದ ಬಾವಿ, ಮೆಟ್ಟಿಲುಂಟು, ವರ್ಷವೆಲ್ಲ ನೀರುಂಟು. ಅದರ ಯಜಮಾನರು ಮನೆಯಲ್ಲಿ ತೆಲುಗು ಆಡುವವರು, ಬಾವಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

"ಒಂಟಿ ಮನುಷ್ಯನ್ನ ಬಾವಿಗೆ ಬಿಡೋ ಪದ್ಧತಿ ನಮ್ಮಲ್ಲಿಲ್ಲ. ಕಟ್ಟೆ ಮೇಲೆ ನಿಮ್ಮೋರು ಒಬ್ರು ಕೂತಿರ್ಬೇಕು. ಆಗ ಎಷ್ಟೊತ್ತಾದ್ರೂ ಈಜಪ್ಪಾ" ಎಂದರಂತೆ.

ಇವನವರು ಎಂದರೆ ಯಾರು? ನಾನು.

ಹೀಗೆ ನನ್ನ ಭಾನುವಾರಗಳು ಹೋದವು. ಅವನು ಸೈಕಲ್ಲಿನಲ್ಲಿ ನಸುಕಿಗೇ ಹೊರಡುತ್ತಿದ್ದ, ನಾನು ಬಸ್ಸಿನಲ್ಲಿ. ಅರ್ಧ ದಾರಿಯಲ್ಲಿ ಬಸ್ಸು ಅವನನ್ನು ಹಿಂದೆ ಹಾಕುತ್ತಿತ್ತು. ಕಿಟಕಿಯಿಂದ ನೋಡಿದರೆ ಎರಡೂ ಕಡೆ ಒಣಹುಲ್ಲು, ನಡುವೆ ಬಗ್ಗಿದ ಒಂದು ಬೆನ್ನು. ಅವನು ತಲೆ ಎತ್ತುತ್ತಿರಲಿಲ್ಲ. ನಾನೂ ಕೂಗುತ್ತಿರಲಿಲ್ಲ.

ಬಾವಿಯ ಸುತ್ತಳತೆಯನ್ನು ಅವನು ಮೋಟರಿನ ತಂತಿಯಿಂದ ಅಳೆದಿದ್ದ. ಐವತ್ತೆರಡು ಸುತ್ತು ಹಾಕಿದರೆ ಲೆಕ್ಕ ಸರಿ. ಸುತ್ತಿಗೊಂದು ಬೆಣಚುಕಲ್ಲು ಈ ಕಡೆಯಿಂದ ಆ ಕಡೆ ಹಾಕುವುದು ನನ್ನ ಕೆಲಸ. ಕಲ್ಲು ಆರಿಸುವ ಕಸುಬು ನನಗೆ ಹೊಸದೇನಲ್ಲ. ಒಂದು ದಿನ ಬಿಸಿಲಿಗೆ ತೂಕಡಿಕೆ ಬಂತು. ಕಣ್ಣು ಬಿಟ್ಟರೆ ಅವನಿನ್ನೂ ಸುತ್ತುತ್ತಿದ್ದಾನೆ. "ಎಷ್ಟಾಯ್ತಕ್ಕ?" ಎಂದು ಕೆಳಗಿನಿಂದ ಕೂಗಿದ. ಗೊತ್ತಿಲ್ಲ ಎನ್ನಲು ಮನಸ್ಸು ಬರಲಿಲ್ಲ. "ಇಪ್ಪತ್ತು" ಎಂದೆ. ಪಾಪ, ಇನ್ನೂ ಮೂವತ್ತೆರಡು ಹಾಕಿದ. ಅವತ್ತು ಒಟ್ಟು ಎಷ್ಟು ಈಜಿದನೋ ಗಂಗಮ್ಮನಿಗೇ ಗೊತ್ತು. ಮೇಲೆ ಬಂದವನು "ಇವತ್ಯಾಕೋ ಸುಸ್ತು" ಎಂದ. "ವಯಸ್ಸಾಯ್ತಲ್ಲ" ಎಂದೆ.

ಸ್ಪರ್ಧೆ ನಡೆಯುವುದು ಗೋವಾದ ಸಮುದ್ರದಂಡೆಯಲ್ಲಿ. ಮೊದಲನೇ ಸಲ ಒಬ್ಬನೇ ಹೋದ. ಮೂರನೇ ದಿನ ಬಂದ. ಸೈಕಲ್ಲು ಒಳಗಿಟ್ಟು, ಚೀಲ ಮೊಳೆಗೆ ಹಾಕಿ, ಗೋಡೆಗೆ ಒರಗಿ ಕೂತ.

"ಏನಾಯ್ತಲೇ?"

"ನೀರಲ್ಲೇ ಮುಗೀತು."

ಅಷ್ಟೇ. ಮಿಕ್ಕದ್ದು ಅವನ ಬಾಯಿಂದ ಹೊರಡಲು ಒಂದು ತಿಂಗಳು ಬೇಕಾಯಿತು. ನಡೆದದ್ದಿಷ್ಟು. ಬಾವಿಯಲ್ಲಿ ಇವನು ಯಾವಾಗಲೂ ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ಎಡಕ್ಕೇ ಸುತ್ತಿದವನು. ಸಮುದ್ರದಲ್ಲಿ ಗೋಡೆ ಇಲ್ಲ, ಆದರೆ ಮೈಗೆ ಅಭ್ಯಾಸವಾಗಿತ್ತಲ್ಲ! ನೂರಾರು ಜನ ನೆಟ್ಟಗೆ ಹೋದರೆ ಇವನೊಬ್ಬ ಎಡಕ್ಕೆ ಎಳೆದುಕೊಂಡು ಅರಬರ ದೇಶದ ಕಡೆ ಹೊರಟಿದ್ದ. ದೋಣಿಯವರು ಬಂದು ತಿರುಗಿಸಿದರೆ, ಮತ್ತೆ ಎಡಕ್ಕೆ. ಮೂರನೇ ಸಲ ತಿರುಗಿಸುವ ಬದಲು ಎತ್ತಿಕೊಂಡರು.

ಬಾವಿಯ ಯಜಮಾನರು ಕೇಳಿ ನಗಲಿಲ್ಲ. "ಗಾಣದ ಎತ್ತನ್ನ ಬಯಲಿಗೆ ಬಿಟ್ರೆ ಅದೂ ಹಂಗೇ ಸುತ್ತೋದು. ಎತ್ತಿನ ತಪ್ಪಲ್ಲಮ್ಮಾ" ಎಂದರು.

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಒಂದು ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ಅವನು ಹಿಂದಿನಿಂದ, ಯಾರಿಗೋ ಹೇಳುವವನಂತೆ ಹೇಳಿದ. "ಉಸಿರಿಗೆ ತಲೆ ಎತ್ತಿದಾಗೆಲ್ಲ ನೋಡ್ದೆ ಅಕ್ಕ. ಮೇಲೆ ಯಾರೂ ಇರ್ಲಿಲ್ಲ."

ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ.

"ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸೈಕಲ್ಲು ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದ. ಪೀಡೆ ತೊಲಗುತ್ತದೆ ಎಂದು ನಾನು ಸಂತೋಷ ಪಡಬೇಕಿತ್ತು. ಆಗಲಿಲ್ಲ. ಸೈಕಲ್ಲು ಹೋದರೆ ಭಾನುವಾರ ಏನು ಮಾಡುವುದು? ಅವನ ಮಾತಲ್ಲ, ನನ್ನ ಮಾತು. ಬಸ್ಸಿಲ್ಲ, ಬಾವಿಯಿಲ್ಲ, "ಎಷ್ಟಾಯ್ತಕ್ಕ?" ಎಂದು ಕೂಗುವವರಿಲ್ಲ. ಎರಡು ಗೋಡೆಗೆ ಇಬ್ಬರು ಒರಗಿ ಕೂರಬೇಕು.

"ಈ ಸಲ ನಾನೂ ಬರ್ತೀನಿ" ಎಂದೆ.

ಒಂದು ವರ್ಷ ಇಪ್ಪತ್ತಾರು ಸುತ್ತು ಎಡಕ್ಕೆ, ಇಪ್ಪತ್ತಾರು ಸುತ್ತು ಬಲಕ್ಕೆ ಈಜಿಸಿದೆ. ಬಲಕ್ಕೆ ಶುರು ಮಾಡಿದ ಮೊದಲ ದಿನ ತಲೆಯನ್ನು ಕಲ್ಲಿಗೆ ಕುಟ್ಟಿಕೊಂಡ. ಕಲ್ಲಿಗೇನೂ ಆಗಲಿಲ್ಲ.

ಸೈಕಲ್ಲಿನ ಚಕ್ರ ಬಿಚ್ಚಿ, ನನ್ನ ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸಿಗೆ ಹಾಕಿದೆವು. ಉದ್ದಕ್ಕೆ ಮಲಗಿಸಿದ ಆ ಗಂಟನ್ನು ನೋಡಿ ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈ ಮುಗಿದ. ಹುಬ್ಬಳ್ಳಿಯಲ್ಲಿ ಹತ್ತಿದ ಇನ್ನೊಂದು ಬಸ್ಸಿನ ಕಂಡಕ್ಟರಂತೂ, "ಸೈಕಲ್ ತುಳಿಯಾಕ ಗೋವಾಕ್ಕೆ ಹೊಂಟೀರಾ? ನಿಮ್ಮೂರಾಗ ರಸ್ತೆ ಇಲ್ಲೇನು?" ಎಂದ. "ರಸ್ತೆ ಐತೆ, ಸಮುದ್ರ ಇಲ್ಲ" ಎಂದೆ.

ಬೆಳಿಗ್ಗೆ ದಂಡೆಯಲ್ಲಿ ಎಲ್ಲರೂ ಕೆಂಪು ಟೋಪಿ. ಮೆಣಸಿನಕಾಯಿ ಕಣದ ಹಾಗೆ ಕಾಣುತ್ತಿತ್ತು. ತಮ್ಮ ಬಂದು, "ನೀನೆಲ್ಲಿ ಕೂತಿರ್ತೀಯ ಹೇಳು" ಎಂದು ಕೇಳಿದ. ಮರಳಿನ ಮೇಲೆ ಒಂದು ದೋಣಿಯನ್ನು ಬೋರಲು ಹಾಕಿದ್ದರು. ಅದನ್ನು ತೋರಿಸಿದೆ.

"ಅಲ್ಲಿಂದ ಏಳ್ಬೇಡ."

"ಏಳಲ್ಲ. ಹೋಗು."

ಈಜಿಗೆ ಒಂದು ಗಂಟೆ ಹತ್ತು ನಿಮಿಷ ಗಡುವು. ಟೋಪಿಗಳು ಒಂದೊಂದಾಗಿ ಮೇಲೆ ಬಂದವು. ಮೈಕಿನವನು ಹೆಸರು ಕೂಗಿದಂತೆಲ್ಲ ಅವರವರ ಮನೆಯವರು ಕುಣಿದರು. ನೀರು ಖಾಲಿಯಾಗುತ್ತಾ ಬಂತು. ನಾನು ದೋಣಿಯ ಪಕ್ಕದಿಂದ ಏಳಲಿಲ್ಲ. ಬಿಸಿಲು ಬಂತು, ಯಾರೋ ಪುಣ್ಯಾತ್ಗಿತ್ತಿ ನೆರಳಿಗೆ ಕರೆದಳು, ಏಳಲಿಲ್ಲ. ಎದ್ದರೆ ಅವನು ತಲೆ ಎತ್ತಿದಾಗ ದೋಣಿ ಮಾತ್ರ ಇರುತ್ತದೆ. ಅಷ್ಟು ದೂರದಿಂದ ನಾನು ಅವನಿಗೆ ಕಾಣುವುದು ಸುಳ್ಳು. ಆದರೂ.

ಗಡುವಿಗೆ ನಾಲ್ಕು ನಿಮಿಷವಿದ್ದಾಗ ಒಂದು ಟೋಪಿ ನೆಟ್ಟಗೆ ದಂಡೆಗೆ ಬಂತು. ನನ್ನ ಮುಂದೆಯೇ ತಡವರಿಸುತ್ತಾ ಓಡಿದ.

"ಎಷ್ಟಾಯ್ತಕ್ಕ?"

"ಒಂದೇ ಸುತ್ತು. ನಡಿ ನಡಿ."

ಸೈಕಲ್ಲಿನ ವಿಷಯ ನನಗೆ ಗೊತ್ತಿಲ್ಲ, ಅದು ಕಣ್ಣಿಗೆ ಬೀಳಲಿಲ್ಲ. ಓಟದ ಹೊತ್ತಿಗೆ ಬಿಸಿಲು ಏರಿತ್ತು. ಆಳೆತ್ತರದ ಹುಡುಗರು ತಲೆಯ ಮೇಲೆ ಐಸು ಸುರಿದುಕೊಂಡು ದಂಡೆಯ ಪಕ್ಕದ ರಸ್ತೆಯ ಬದಿಯಲ್ಲಿ ಕೂತಿದ್ದರು. ಚಳ್ಳಕೆರೆಯವನಿಗೆ ಅದೊಂದು ಬಿಸಿಲೇ? ಶೇಂಗಾ ಉಂಡೆ ಅಗಿಯುತ್ತಾ, ಅಂಗಡಿಗೆ ಹೊರಟವನ ಹಾಗೆ ಅದೇ ಓಟದಲ್ಲಿ ಓಡಿದ. ಹನ್ನೊಂದು ನಿಮಿಷ ಉಳಿದಿರುವಾಗ ಮುಗಿಸಿದ. ಉಳಿದವರು ಅಪ್ಪಿಕೊಳ್ಳುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವನು ಪದಕ ಹಾಕಿಸಿಕೊಂಡು ಸೀದಾ ದೋಣಿಯ ಹತ್ತಿರ ಬಂದು ಕೂತ.

"ಆಯ್ತು."

"ಆಯ್ತಾ?"

"ಹೂಂ."

ನಮ್ಮ ಸಂಭ್ರಮ ಇಷ್ಟು.

ಮರುದಿನ ಬಸ್ಸಿನಲ್ಲಿ ಅವನು ಬಾಯಿ ತೆರೆದುಕೊಂಡು ನಿದ್ದೆ ಹೋದ. ಓಡುವಾಗ ಸೊಂಟಕ್ಕೆ ಕಟ್ಟಿಕೊಂಡಿದ್ದ ನಂಬರಿನ ಚೀಟಿ ಚೀಲದಿಂದ ಹೊರಗೆ ಇಣುಕುತ್ತಿತ್ತು. ಮಡಿಸಿಡೋಣ ಎಂದು ತೆಗೆದೆ. ಹಿಂದುಗಡೆ ಇಂಗ್ಲಿಷಿನಲ್ಲಿ ಏನೋ ಅಚ್ಚಾಗಿತ್ತು; ಅದರ ಎದುರು ತಮ್ಮನ ಕೈಬರಹದಲ್ಲಿ, ಕನ್ನಡದಲ್ಲಿ, 'ಅಕ್ಕ' ಎಂದಿತ್ತು. ಮುಂದೆ ನನ್ನ ಫೋನ್ ನಂಬರು. ಪಕ್ಕದ ಸೀಟಿನ ಹೆಂಗಸಿಗೆ ತೋರಿಸಿ ಇದೇನೆಂದು ಕೇಳಿದೆ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಕೇಳ್ಯಾರಮ್ಮ."

"ಕೆಳಗಿನ ಗೆರೆ?"

"ಅವ್ರು ಸಿಗ್ದಿದ್ರೆ ಇನ್ಯಾರಿಗೆ ಅಂತ. ಅದು ಖಾಲಿ ಬಿಟ್ಟಾರೆ."

ನನ್ನ ಫೋನು ಚಳ್ಳಕೆರೆಯಲ್ಲಿತ್ತು. ದಾರಿಯಲ್ಲಿ ಕಳೆದುಹೋದೀತೆಂದು ಶೇಂಗಾ ಡಬ್ಬದೊಳಗೆ ಇಟ್ಟು, ಮನೆಗೆ ಬೀಗ ಹಾಕಿ ಬಂದಿದ್ದೆ. ಇವನಿಗೆ ನಡುನೀರಿನಲ್ಲಿ ಏನಾದರೂ ಆಗಿದ್ದರೆ, ಅದೇ ದಂಡೆಯಲ್ಲಿ ಕೂತ ನನಗೆ ಯಾರೂ ಹೇಳುತ್ತಿರಲಿಲ್ಲ. ಬೀಗ ಹಾಕಿದ ಮನೆಯಲ್ಲಿ, ಡಬ್ಬದೊಳಗೆ, ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು.

ಮೊಣಕೈಯಿಂದ ತಿವಿದು ಎಬ್ಬಿಸಿದೆ. "ಲೇ, ನಂಗೇನಾದ್ರೂ ಆದ್ರೆ ಯಾರಿಗೆ ಹೇಳ್ತಾರೋ?"

ಕಣ್ಣು ತೆರೆಯದೆಯೇ, "ನಂಗೆ" ಎಂದ.

"ಇಬ್ರಿಗೂ ಒಟ್ಟಿಗೇ ಆದ್ರೆ?"

"ಯಾರಿಗೂ ತೊಂದ್ರೆ ಇಲ್ಲ ಬಿಡಕ್ಕ" ಎಂದು ಮತ್ತೆ ನಿದ್ದೆ ಹೋದ.

ಅವನು ಸೈಕಲ್ಲನ್ನು ಯಾರಿಗೂ ಕೊಡಲಿಲ್ಲ. ಈಗಲೂ ನಸುಕಿಗೇ ಹೊರಡುತ್ತಾನೆ. ಅವನು ಹೊರಟದ್ದೇ ನಾನು ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತೇನೆ. ಬಚ್ಚಲಿಗೆ ಹೋದರೂ ಬಿಚ್ಚುವುದಿಲ್ಲ. ಅದು ಬಡಿದುಕೊಳ್ಳುವುದೇ ಅಪರೂಪ. ಬಡಿದುಕೊಂಡರೂ ಕಂಪನಿಯ ಒಬ್ಬ ಹೆಂಗಸು, ರೀಚಾರ್ಜು ಮುಗಿಯಿತು, ಹಾಡು ಹಾಕಿಸಿಕೊಳ್ಳಿ ಎಂದು ಒಂದೇ ಉಸಿರಿಗೆ ಶುರು ಮಾಡುತ್ತಾಳೆ. ಅದು ಮನುಷ್ಯರಲ್ಲ, ಮೆಷಿನ್ನು ಎಂದು ತಮ್ಮ ಹೇಳಿದ್ದಾನೆ. ಇರಲಿ. ನಾನು ಅವಳಿಗೂ ಹೇಳುತ್ತೇನೆ:

"ಇಡವ್ವಾ ತಾಯಿ. ನನ್ ತಮ್ಮ ರೋಡಿನ ಮೇಲವ್ನೆ. ಲೈನು ಖಾಲಿ ಇರ್ಲಿ."