ಬಾಗಿಲು ಯಾರ ಪಾಲಿಗೆ?

ಒಂದು ಒರೆಯಲ್ಲಿ ಎರಡು ಕತ್ತಿ ಇರಬಾರದು ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇರಬಾರದು ಎಂದು ಅವರು ಹೇಳದೆ ಹೋದದ್ದು, ಆಗಿನ ಕಾಲದ ಭಾಮೈದಂದಿರಿಗೆ ಇಷ್ಟೊಂದು ತಲೆ ಓಡುತ್ತಿರಲಿಲ್ಲ ಎಂಬ ಕಾರಣಕ್ಕೆ. ಇದು ನಕ್ಷೆ ಸಾಹೇಬರ ಖಚಿತ ಅಭಿಪ್ರಾಯ.

ನಕ್ಷೆ ಸಾಹೇಬರೆಂದರೆ ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವವರು. ನಡುಮನೆಯ ಮೂಲೆಯ ಮೇಜೇ ಅವರ ಆಫೀಸು. ಬಂದ ಗಿರಾಕಿಗಳಿಗೆಲ್ಲ ಒಂದೇ ಉಪದೇಶ: "ಗೋಡೆ ಒಡೆಯೋ ಮೊದಲು ಬಾಗಿಲು ಎಲ್ಲಿದೆ ನೋಡ್ಕೊಳ್ಳಿ ಸ್ವಾಮಿ!" ಅಡುಗೆಮನೆಯಲ್ಲಿದ್ದ ಹೆಂಡತಿಗೆ ಇದು ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಆಕೆ ಉಲ್ಲನ್ ಹೆಣಿಗೆಯ ಪಾಠಗಳನ್ನು ವಿಡಿಯೊ ಮಾಡಿ ಕಲಿಯುವವರಿಗೆ ಕಳಿಸುತ್ತಾಳೆ. ಸಾಹೇಬರ ಹಳೆಯ ಸಿಸ್ಟಮ್ಮಿನಲ್ಲಿ ವಿಡಿಯೊ ಕತ್ತರಿಸಲು ಹೋದರೆ ಕಂಪ್ಯೂಟರು ಮೂರ್ಛೆ ಹೋಗುತ್ತಿತ್ತು. ಅವಳ ತಮ್ಮ ಬಂದ. ಡಿಸ್ಕಿನ ನಡುವೆ ಬೇಲಿ ಹಾಕಿ, ಒಂದು ಪಾಲಿನಲ್ಲಿ ಭಾವನ ಹಳೆಯದನ್ನು ಉಳಿಸಿ, ಇನ್ನೊಂದರಲ್ಲಿ ಅಕ್ಕನಿಗೆ ಹೊಸ ಬಿಟ್ಟಿ ಸಿಸ್ಟಮ್ ಕೂರಿಸಿ ಹೋದ. ಗುಂಡಿ ಒತ್ತಿದರೆ ಎರಡು ಹೆಸರು ಬರುತ್ತವೆ, ಬೇಕಾದ್ದನ್ನು ಆರಿಸಬೇಕು. ಆರಿಸದೆ ಆಚೀಚೆ ನೋಡಿದಿರೋ, ಮೊದಲನೆಯದು ತಾನಾಗಿ ತೆರೆದುಕೊಳ್ಳುತ್ತದೆ. ಮೊದಲ ಹೆಸರು ಯಾರದು ಎಂದು ಕೇಳಬೇಕೆ! (ಕಂಪ್ಯೂಟರು ತಂದವರು ಸಾಹೇಬರು, ಪಟ್ಟಿಯಲ್ಲಿ ಎರಡನೆಯವರೂ ಸಾಹೇಬರೇ.)

ಆ ದಿನ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಿದರು. "ಸಂಜೆ ಬರ್ತೀನಿ. ಕ್ಲಿನಿಕ್ಕಿನ ನಕ್ಷೆ ಇವತ್ತೂ ಕೈಗೆ ಸಿಗದಿದ್ರೆ ಬೇರೆಯವರ ಹತ್ರ ಮಾಡಿಸ್ಕೋತೀನಿ."

ಆ ವರ್ಷ ಸಿಕ್ಕಿದ್ದ ದೊಡ್ಡ ಕೆಲಸ ಅದೊಂದೇ. ನಕ್ಷೆಯೇನೋ ಸಿದ್ಧವಾಗಿತ್ತು, ಪ್ರಿಂಟ್ ತೆಗೆಯುವುದಷ್ಟೇ ಬಾಕಿ. ಸಾಹೇಬರು ಗುಂಡಿ ಒತ್ತಿ ಕನ್ನಡಕ ಹುಡುಕಿದರು. ಅಷ್ಟರಲ್ಲಿ ಹೆಂಡತಿಯದು ತೆರೆದುಕೊಂಡಿತು. ಮುಚ್ಚಿ ಮತ್ತೆ ಒತ್ತಿದರು. ಸೀನು ಬಂತು. ಮತ್ತೆ ಹೆಂಡತಿಯದೇ. ಮೂರನೆಯ ಸಲ ಬೆರಳನ್ನು ಕೀಲಿಮಣೆಯ ಮೇಲೇ ಇಟ್ಟು ತಪಸ್ಸಿಗೆ ಕೂತರೆ ಬಾಗಿಲ ಗಂಟೆ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಪಾರ್ಸಲ್, ಅದೂ ಹೆಂಡತಿಯ ಉಲ್ಲನ್ ಉಂಡೆಗಳದ್ದು!

"ಲೇ ಇವಳೇ! ನನ್ನ ಕಂಪ್ಯೂಟರಲ್ಲಿ ನಾನೇ ಬಾಡಿಗೆದಾರನಾ?"

"ಕಣ್ಣು ಪರದೆ ಮೇಲಿದ್ರೆ ಯಾಕ್ರೀ ಹೀಗಾಗುತ್ತೆ?"

"ನನ್ನ ಹೆಸರು ಮೇಲೆ ಹಾಕೋಕೆ ನಿನ್ನ ತಮ್ಮನ ಕೈ ಸೇದಿಹೋಗಿತ್ತಾ?"

"ನನ್ನ ತಮ್ಮನ ಸುದ್ದಿಗೆ ಬರಬೇಡಿ, ಹೇಳಿದೀನಿ!"

"ಬರ್ತೀನಿ! ನೂರು ಸಲ ಬರ್ತೀನಿ! ಇನ್ಮೇಲೆ ನನ್ನ ಪಾಲಿಗೆ ನೀನು ಕಾಲಿಡಕೂಡದು. ನನ್ನ ಒಂದು ಫೈಲೂ ಮುಟ್ಟಕೂಡದು!"

"ಆಗಲಿ. ಆಮೇಲೆ ಮಾತು ತಪ್ಪಬೇಡಿ." ಅವಳು ಕಂಪ್ಯೂಟರಿನ ಮುಂದೆ ಒಂದಿಷ್ಟು ಹೊತ್ತು ಏನೋ ಮಾಡಿ, ಚೀಲ ಹಿಡಿದು ಹೊರಗೆ ಹೊರಟಳು.

ಸಾಹೇಬರು ತಮ್ಮ ಪಾಲನ್ನು ತೆರೆದರು. ಆಗಲೇ ಪ್ರಿಂಟ್ ತೆಗೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಿಟ್ಟು ನೆತ್ತಿಗೇರಿತ್ತು. "ಮೊದಲು ಈ ಪೀಡೆ ತೊಲಗಲಿ, ಪ್ರಿಂಟ್ ಎಲ್ಲಿ ಓಡಿಹೋಗುತ್ತೆ!" ಎಂದು ಡಿಸ್ಕಿನ ಪಾಲುಗಳನ್ನು ತೋರಿಸುವ ಕಿಟಕಿ ತೆಗೆದರು. ಸೈಟಿನ ನಕ್ಷೆಯ ಹಾಗೆ ಪಟ್ಟಿ ಪಟ್ಟಿಯಾಗಿ ಕಂಡಿತು. ಹೆಂಡತಿಯ ಪಾಲನ್ನು ಹಿಡಿದು, ಅಳಿಸು ಎಂದರು. ನಿಜವಾಗಿಯೂ ಅಳಿಸಲೇ ಎಂದು ಕಂಪ್ಯೂಟರು ಕೇಳಿತು. "ನಿನಗೂ ಅವಳದೇ ಪಕ್ಷವಾ!" ಎಂದು ಗದರಿ ಒತ್ತಿಯೇಬಿಟ್ಟರು.

ಏಕಚಕ್ರಾಧಿಪತ್ಯವನ್ನು ಕಣ್ತುಂಬ ನೋಡುವ ಆಸೆಯಿಂದ ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದರು. ಪರದೆ ಕಪ್ಪಾಯಿತು. ಅವಳ ಹೆಸರಿಲ್ಲ, ತಮ್ಮ ಹೆಸರೂ ಇಲ್ಲ. ಅಂಥ ಪಾಲು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮಾತ್ರ. ಸಂಜೆಯವರೆಗೂ ಆರಿಸಿದರು, ಹೊತ್ತಿಸಿದರು, ಅದರ ನೆತ್ತಿಗೊಂದು ಬಿಟ್ಟರು. ಊಹೂಂ. ಕೊನೆಗೆ ಹಲ್ಲು ಕಚ್ಚಿ ಭಾಮೈದನಿಗೇ ಫೋನ್ ಮಾಡಿದರು.

"ಅಯ್ಯೋ ಭಾವ, ಹೆಸರು ಕೇಳೋ ಆ ಪಟ್ಟಿ ಇದ್ದಿದ್ದೇ ಅಕ್ಕನ ಪಾಲಲ್ಲಿ! ನಿಮ್ಮದೆಲ್ಲ ಒಳಗೆ ಹಾಗೇ ಇದೆ, ಹೋಗೋಕೆ ದಾರಿ ಇಲ್ಲ ಅಷ್ಟೆ."

ಅಷ್ಟೆಯಂತೆ! ಸಾಹೇಬರು ಫೋನು ಕುಕ್ಕುವುದಕ್ಕೂ ಡಾಕ್ಟರಮ್ಮ ಬರುವುದಕ್ಕೂ ಸರಿಹೋಯಿತು. ಅವರು ಕುರ್ಚಿ ಎಳೆದು ಕೂತ ಸ್ವಲ್ಪ ಹೊತ್ತಿಗೆ ಹೆಂಡತಿಯೂ ಬಂದು ಪರದೆ ನೋಡಿದಳು.

"ಏನ್ರೀ ಇದು, ಕಪ್ಪಗೆ?"

"ಅದು... ತಾನಾಗೇ ಹೀಗಾಯ್ತು."

"ತಾನಾಗೇನಾ? ದಾರೀಲಿ ತಮ್ಮ ಫೋನ್ ಮಾಡಿ ಎಲ್ಲಾ ಹೇಳಿದ." ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದಳು. "ಬೆಳಿಗ್ಗೆ ನಿಮ್ಮ ಮುಖ ನೋಡಿದಾಗಲೇ ನನ್ನ ಪಾಠಗಳನ್ನೆಲ್ಲ ಇದಕ್ಕೆ ತುಂಬಿಕೊಂಡೆ. ನನ್ನ ಸಿಸ್ಟಮ್ಮನ್ನೂ ತಮ್ಮ ಮೊದಲೇ ಇದರಲ್ಲಿ ಹಾಕಿಕೊಟ್ಟಿದಾನೆ, ಚುಚ್ಚಿದ್ರೆ ಓಡುತ್ತೆ. ಡಿಸ್ಕಲ್ಲಿರೋ ನಿಮ್ಮ ಪಾಲಿನ ಫೈಲುಗಳೂ ಅದರಿಂದ ಕಾಣ್ತವೆ."

"ಹಾಗಾದ್ರೆ ನನ್ನ ನಕ್ಷೆ ತೆಗಿಯೇ ಬೇಗ!"

"ಛೆ ಛೆ, ನಿಮ್ಮ ಪಾಲಿಗೆ ನಾನು ಕಾಲಿಡಕೂಡದಲ್ವಾ?"

ಡಾಕ್ಟರಮ್ಮ ಗಡಿಯಾರ ನೋಡಿಕೊಂಡರು. ಸಾಹೇಬರ ಕಿವಿ ಕೆಂಪಾಯಿತು.

"ಇಡು ಮಾರಾಯ್ತಿ, ಇಡು! ಎರಡೂ ಕಾಲಿಡು!"

ಅವಳು ಪೆನ್‌ಡ್ರೈವ್ ಚುಚ್ಚಿ, ಪ್ರಿಂಟ್ ತೆಗೆದುಕೊಟ್ಟು ಅಡುಗೆಮನೆಗೆ ಹೋದಳು. ಡಾಕ್ಟರಮ್ಮ ಹಾಳೆ ಬಿಡಿಸಿ, ಮೆಚ್ಚಿ ತಲೆದೂಗಿದರು. "ಚೆನ್ನಾಗಿದೆ ಸಾರ್. ಆದ್ರೆ ಹಳೇ ಕಟ್ಟಡದ ಈ ನಡುಗೋಡೆ ಒಡೆದುಬಿಟ್ರೆ ಹೇಗೆ?"

ಸಾಹೇಬರು ಅಭ್ಯಾಸಬಲದಿಂದ ಬಾಯಿ ತೆರೆದರು. ಮಾತು ಮಾತ್ರ ಅಡುಗೆಮನೆಯಿಂದ ಬಂತು.

"ಗೋಡೆ ಒಡೆಯೋ ಮೊದಲು ಬಾಗಿಲು ಎಲ್ಲಿದೆ ನೋಡ್ಕೊಳ್ಳಿ ಡಾಕ್ಟ್ರೇ! ನಮ್ಮನೆಯವರು ಇವತ್ತು ತಾನೇ ಒಂದು ಒಡೆದು ನೋಡಿದಾರೆ."