ಖಡ್ಗ, ಮಾಂತ್ರಿಕ ಮತ್ತು ನಮ್ಮ ಕಾಕಾನ ಟೇಪು

ನಮ್ಮ ಕಾಕಾನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಇಂಗ್ಲಿಷ್ ಹಾಡುಗಳ ಅರ್ಥವನ್ನು ಅವನಷ್ಟು ಧೈರ್ಯವಾಗಿ ಹೇಳುವವರು ಇಡೀ ಅಥಣಿ ತಾಲೂಕಿನಲ್ಲೇ ಇರಲಿಲ್ಲ!

ಹಾಡೆಂದರೆ ಎಂಥ ಹಾಡು ಅಂತೀರಿ? ಹೆವಿ ಮೆಟಲ್! ಗಿಟಾರು ಚೀರುತ್ತದೆ, ಡ್ರಮ್ಮು ಗುಡುಗುತ್ತದೆ, ಹಾಡುವವನು ಹೊಟ್ಟೆನೋವು ಬಂದವನಂತೆ ಅರಚುತ್ತಾನೆ. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದ್ರಾಕ್ಷಿ ಲೋಡಿನ ಜೊತೆ ಮುಂಬೈಗೆ ಹೋದ ಕಾಕಾ ಫುಟ್‌ಪಾತಿನಲ್ಲಿ ಈ ಕ್ಯಾಸೆಟ್ಟುಗಳನ್ನು ಕೊಂಡಿದ್ದ. ಹಾಡು ಕೇಳಿ ಅಲ್ಲ, ಮೇಲಿನ ಚಿತ್ರ ನೋಡಿ ಅಂತಲೇ ನಾವೆಲ್ಲ ತಿಳಿದಿದ್ದೆವು. ಖಡ್ಗ ಹಿರಿದ ಬರಿಮೈ ವೀರ, ಬೆಂಕಿಯುಗುಳುವ ಹಾವಿನಂಥ ಪ್ರಾಣಿ, ಹಿಂದೆ ಉದ್ದ ಗಡ್ಡದ ಮಾಂತ್ರಿಕ.

“ಇದು ನಮ್ಮ ದೊಡ್ಡಾಟನ ಐತಿ ತಂಗಿ! ಖಡ್ಗ ಐತಿ, ರಾಕ್ಷಸ ಅದಾನ, ಮಾಟ ಮಾಡಾಂವ ಅದಾನ. ಮದ್ದಳಿ ಒಂದ ಕರೆಂಟಿನ ಮ್ಯಾಲ ನಡೀತೈತಿ, ಅಷ್ಟ ಫರಕು!”

ಚಿಕ್ಕೋಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಅಣ್ಣನ ಮಗಳಿಗೆ, ಅಂದರೆ ನನಗೆ, ಇದನ್ನು ಕೇಳಿ ಸುಮ್ಮನಿರಲಾಗುತ್ತದೆಯೇ? ಕ್ಯಾಸೆಟ್ಟಿನೊಳಗಿನ ಹಾಡಿನ ಚೀಟಿ ಬಿಡಿಸಿ ಓದಿದೆ. ನೋಡಿದರೆ ನಿಜವಾಗಿಯೂ ಖಡ್ಗ, ಮಾಂತ್ರಿಕ, ಹಾಳುಬಿದ್ದ ಕೋಟೆ! ಕೊನೆಗೆ ಒಂದೇ ಒಂದು ಹಾಡು ನನ್ನ ಕೈಹಿಡಿಯಿತು. “ಕಾಕಾ, ಇದು ಬಿಟ್ಟು ಹೋದ ಹುಡುಗೀ ಹಾಡು” ಎಂದೆ.

“ಸರಿಯಾಗಿ ಓದ. ಹುಡುಗಿ ಹ್ವಾದ್ರ ಇಷ್ಟ ದೊಡ್ಡ ನಗಾರಿ ಯಾಕ ಬಾರಸ್ತಾರ? ಬಿಟ್ಟ ಹೋಗಿಲ್ಲ ಆಕಿ. ಮಾಂತ್ರಿಕ ಹೊತ್ಕೊಂಡ ಹೋಗ್ಯಾನ!”

ದ್ರಾಕ್ಷಿ ಹಣ್ಣಾಗುವಾಗ ಎಲ್ಲರೂ ಡಬ್ಬಿ ಬಡಿದು ಹಕ್ಕಿ ಓಡಿಸಿದರೆ ಇವನು ಟೇಪು ಹಚ್ಚುತ್ತಿದ್ದ. ಗಿಳಿಗಳೇನೋ ಹೋದವು, ಪಕ್ಕದ ತೋಟಕ್ಕೆ! ಆ ತೋಟದವರು ಬಡಿಗೆ ಹಿಡಿದು ನಮ್ಮಲ್ಲಿಗೆ ಬಂದರು.

ನಾವೆಲ್ಲ ಊರೊಳಗಿದ್ದೆವು. ತೋಟದ ಮನೆಯಲ್ಲಿ ಅವನ ಜೊತೆ ಇರಬಲ್ಲವಳೆಂದರೆ ಅವನ ತಾಯಿ, ನಮ್ಮ ಆಯಿ ಒಬ್ಬಳೇ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪುಣ್ಯವಂತೆ!

ಆದರೆ ಮದುವೆಯಾಗುವ ಹುಡುಗಿಗೆ ಕಿವಿ ಇರುತ್ತವಲ್ಲ? ಕಾಕಾನ ತಲೆಯಲ್ಲಿ ಬಿಳಿ ಕೂದಲು ಕಾಣಿಸತೊಡಗಿತ್ತು. ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಿದ್ದರು, ಟೇಪು ಕೇಳುತ್ತಿದ್ದರು, ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕೊನೆಗೆ ರಾಯಬಾಗದ ಕಡೆಯ ಹಿರಿಯರೊಬ್ಬರು ಗಟ್ಟಿಯಾಗಿ ಕೂತರು.

“ಹೊಲ, ಮನಿ, ಹುಡುಗ, ಎಲ್ಲಾ ಪಸಂದ ಐತ್ರಿ. ಆ ಪೆಟಿಗಿ ಒಂದ ಹೊರಗ ಹಾಕ್ರಿ, ಹುಡುಗಿ ಕೊಡ್ತೀವಿ.”

“ಪೆಟಿಗಿ ಇಲ್ಲೇ ಇರತೈತ್ರಿ” ಎಂದ ಕಾಕಾ! ಅಪ್ಪ ಹಲ್ಲು ಕಡಿದರು. ಇದಾದರೂ ಕೂಡಿಬರಲಿ ಎಂದು ದೇವರಿಗೆ ಕೈಮುಗಿದಿದ್ದ ನನಗೂ ರೇಗಿತು. ಅಷ್ಟು ಸಾಲದೆಂಬಂತೆ ಅವನು ಎದ್ದು ಹೋಗಿ ಟೇಪು ಹಚ್ಚಿಯೇ ಬಿಡುವುದೇ?

ಗೋಡೆಗೊರಗಿದ್ದ ಆಯಿ ಮೆಲ್ಲಗೆ ಸರಿದು ಬಂದು ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಡ್ರಮ್ಮು ಬಿತ್ತು. ಅವಳ ಮುಖ ಅರಳಿತು.

“ಬಂದಾ... ರಾಜಕುಮಾರ ಬಂದಾ. ಕುದರಿ ಮ್ಯಾಲ ಬಂದಾ. ಕೈಯಾಗ ಖಡ್ಗ ಐತಿ...”

ಚಿಕ್ಕವರಿದ್ದಾಗ ನಾವೆಲ್ಲ ಅವಳ ಬಾಯಲ್ಲಿ ಕೇಳಿದ್ದ ಏಳು ಸಮುದ್ರದಾಚೆಯ ಮಾಂತ್ರಿಕನ ಕತೆ! ಕಿವಿ ಹೋದ ಮೇಲೆ, “ನನ್ನ ಮಾತ ನನಗ ಕೇಳಸಂಗಿಲ್ಲ, ಕತಿ ಹೆಂಗ ಹೇಳ್ಲಿ?” ಎಂದು ಅವಳು ಬಾಯಿ ಮುಚ್ಚಿದ್ದಳು. ಅವಳ ಅಂಗೈಗೆ ಮುಟ್ಟುವಷ್ಟು ದೊಡ್ಡ ಸದ್ದನ್ನು ಕಾಕಾ ಹುಡುಕಿ ತಂದಿದ್ದ. ನಮಗ್ಯಾರಿಗೂ ಹೇಳಿರಲಿಲ್ಲ.

ಮಾಂತ್ರಿಕನ ಪ್ರಾಣವಿದ್ದ ಗಿಳಿ ರಾಜಕುಮಾರನ ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಕ್ಯಾಸೆಟ್ಟು ಮುಗಿದು ಟಕ್ಕೆಂದಿತು. ಆಯಿಯ ಅಂಗೈ ಕೆಳಗೆ ಪೆಟ್ಟಿಗೆ ಸುಮ್ಮನಾಯಿತು. ಅವಳೂ ಸುಮ್ಮನಾದಳು.

ರಾಯಬಾಗದ ಹಿರಿಯರು ಆರಿಹೋದ ಚಹಾ ಕೆಳಗಿಟ್ಟು ಕಣ್ಣೊರೆಸಿಕೊಂಡರು.

“ತಿರುವಿ ಹಾಕ್ರಿ ಅಳಿಯಂದ್ರ, ಮಾಂತ್ರಿಕ ಸತ್ತನೋ ಇಲ್ಲೋ ಕೇಳೂಣು.”