ನಮ್ಮನೆ ನಾಮಗೋಳಿ

ನಾಮಗೋಳಿ ಮರಿ ಮಾಡಿದೆ ಕಣ್ರೀ! ಕರಿ ಮೈ, ಹಣೆಗೆ ಬಿಳಿ ನಾಮ ಇರುತ್ತದಲ್ಲ, ಅದೇ ನೀರುಹಕ್ಕಿ. ನಮ್ಮೂರು ಕೋಗಿಲಿನ ಕೆರೆಯ ಜೊಂಡಿನಲ್ಲಿ! ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗಳು. ಅವಳ ತಲೆಯ ನಟ್ಟು ಸ್ವಲ್ಪ ಸಡಿಲ ಎಂದು ಬೀದಿಯೇ ಹೇಳುತ್ತದೆ. ನಾನೂ ಇಲ್ಲ ಎನ್ನುವುದಿಲ್ಲ. ಗೋಡೆಯ ಹಲ್ಲಿಗೆ ದಾರಿ ಬಿಡಲು ಕದ ತೆರೆದಿಟ್ಟು ಮನೆಗೆ ಹೆಗ್ಗಣ ಕರೆದವಳಿಗೆ ಇನ್ನೇನನ್ನಲಿ?

ನನ್ನ ಮಗ ಮನೆ ಕಟ್ಟಿ ಬಾಡಿಗೆಗೆ ಕೊಡುವವನು. ಕೆರೆ ಸುತ್ತ ವಾಕಿಂಗ್ ದಾರಿ ಬೇಕು, ಜೊಂಡೆಲ್ಲ ಕೀಳಿಸಬೇಕು ಎಂದ. ಅವನ ಮಗಳು, ನಾಮಗೋಳಿ ಗೂಡು ಕಟ್ಟುವುದೇ ಜೊಂಡಿನಲ್ಲಿ, ಕೂಡದು ಎಂದಳು. ಅಂದಿನಿಂದ ಅಪ್ಪ ಊಟಕ್ಕೆ ಕೂತರೆ ಮಗಳು ತಟ್ಟೆ ಎತ್ತಿಕೊಂಡು ಮಹಡಿಗೆ! ಮುದ್ದೆ ಹಿಡಿದುಕೊಂಡು ನಾನು ಯಾರ ಹಿಂದೆ ಹೋಗಲಿ?

ಒಂದು ಭಾನುವಾರ ಅವಳು ಬೀದಿಯವರನ್ನೆಲ್ಲ ಕರೆದು, ಅಂಗಳದಲ್ಲಿ ರಂಗೋಲಿ ಪುಡಿಯಿಂದ ಕೆರೆ ಬರೆದು, ದಡದುದ್ದ ಜೊಂಡಿನ ಬದಲು ಹುಣಸೆ ಬೀಜ ಇಟ್ಟಳು. ಯಾರೂ ತಮ್ಮ ಪರ ಮಾತಾಡುವಂತಿಲ್ಲ, ಇನ್ನೊಬ್ಬರಾಗಿ ಮಾತಾಡಬೇಕು! ಅಪ್ಪನನ್ನು ನಾಮಗೋಳಿ ಮಾಡಿದಳು. ನನ್ನನ್ನು ಸೊಳ್ಳೆ! ಮನೆಯ ಹಿರಿಯಳು ನಾನು!

ತಾನು ಅಪ್ಪನಾಗಿ, ಇಲ್ಲದ ಮೀಸೆ ತಿರುವಿದಳು. "ದಾರಿ ಇಲ್ದಿದ್ರೆ ಜನ ಏನು ಟಿಪ್ಪರ್ ಲಾರಿ ಮುಂದೆ ವಾಕಿಂಗ್ ಮಾಡ್ಬೇಕಾ?" ಅಣಕಿಸಲು ಹೊರಟವಳು, ಅಂದ ಮೇಲೆ ತಾನೇ ಹೌದಲ್ಲ ಎಂದು ಬೀದಿ ಕಡೆ ತಿರುಗಿ ನೋಡಿದಳು.

ನನ್ನ ಸರದಿ. "ನಾನು ಜೊಂಡಲ್ಲಿ ಉಟ್ತೀನಿ, ಅತ್ರದ ತೊಟ್ಲಿಗೆ ಓಗ್ತೀನಿ. ಆಚೆ ದಡದಿಂದ ಆರ್ಕೊಂಡ್ ಬರಕ್ಕೆ ನನಗೇನು ಉಚ್ಚಾ?"

ಕೆರೆ ಪಕ್ಕದ ಮನೆಯ ಹಸುಗೂಸಿನ ತಾಯಿ ನನ್ನ ವೇಷದಲ್ಲಿದ್ದಳು. ಅಂದರೆ ಈಚೆ ದಡದಲ್ಲಿ ಹೊನಗೊನ್ನೆ ಸೊಪ್ಪು ಕೀಳುವ ಮುದುಕಿ! "ಅಂಗಾದ್ರೆ ಮನೆ ಕಡೆ ಜೊಂಡು ಮಾತ್ರ ಕೀಳ್ರಪ್ಪಾ. ನನ್ ಸೊಪ್ಪಿನ ಜಾಗ ಓದ್ರೆ ಓಗ್ಲಿ," ಎಂದುಬಿಟ್ಟಳು. ನನ್ನ ಸೊಪ್ಪನ್ನು ನನ್ನೆದುರಿಗೇ ದಾನ ಮಾಡಿದಳಲ್ಲ!

ಮೊಮ್ಮಗಳೇ ಈಚೆ ದಡದ ಬೀಜ ತೆಗೆದಳು. ಆಚೆ ದಡಕ್ಕೆ ಯಾರದೋ ಕೈ ಹೋಯಿತು. ನನ್ನ ಮಗ ಎರಡೂ ಕೈಯಲ್ಲಿ ಬೀಜ ಮುಚ್ಚಿಕೊಂಡು ಕೂಗಿದ: "ಲೇ, ಮುಟ್ಟಿದ್ರೆ ನೋಡ್ರೋ! ಮೊಟ್ಟೆ ಐತೆ!"

ಕೆರೆ ಕೆಲಸದವರನ್ನೂ ಅಷ್ಟಕ್ಕೇ ಒಪ್ಪಿಸಿದೆವು. ದಾರಿ ಈಗ ಅರ್ಧ ಕೆರೆ ಸುತ್ತಿ ತಿರುಗಿ ಬರುತ್ತದೆ. ಸೊಪ್ಪನ್ನು ನಾನೀಗ ಅಂಗಡಿಯಿಂದ ತರಿಸುತ್ತೇನೆ. ಆದರೆ ಅಪ್ಪ ಮಗಳ ಬಿಗುಮಾನ? ತಟ್ಟೆ ಮಹಡಿಯಿಂದ ಇಳಿಯಲೇ ಇಲ್ಲ.

ಇವತ್ತು ಸಂಜೆ ಮಗ ಕೆರೆ ಕಡೆಯಿಂದ ಓಡಿ ಬಂದ, ಪ್ಯಾಂಟೆಲ್ಲ ಕೆಸರು. ನನ್ನ ಕಡೆ ನೋಡದೆ ನೇರ ಮಹಡಿ ಹತ್ತಿದ. "ಬಾರೇ, ಬೇಗ ಬಾ! ಮರಿ ಆಗವೆ, ಕೆಂಪು ತಲೆ!"

ಕತ್ತಲಾದ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ಮನೆಮಂದಿಯೆಲ್ಲ ಒಂದೇ ಸಾಲಲ್ಲಿ ಕೂತೆವು. ಅಂಗಡಿ ಸೊಪ್ಪಿನ ಸಾರೂ ರುಚಿಯಾಗಿತ್ತು! ಮಗನ ತಟ್ಟೆಗೆ ಮುದ್ದೆ ಇಡಹೋದರೆ ಅವನು ಕೈ ಅಡ್ಡ ಹಿಡಿದ.

"ಮೊದ್ಲು ನನ್ ಮರಿಗೆ ಇಕ್ಕವ್ವಾ."